ಸಿಹಿ ವೈನಿಗೆ ಮೈಸೂರು ಪಾಕ್ ಬೇಡ, ಚಕ್ಕುಲಿ ಡಬ್ಬಿ ತೆರೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ವೈನಿನ ಬಗ್ಗೆ ಇದ್ದವು. ಫ್ರಾನ್ಸಿನ ಬೋರ್ಡೋ ಸೀಮೆಯ ಸಿಹಿ ವೈನ್, ಸೊತೆರ್ನ್. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇದನ್ನೇ ಹಿಡಿದುಕೊಂಡಿದ್ದೇನೆ. ಬಾಟಲಿ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ 'ಸೌಟರ್ನಸ್' ಅಂತ ಓದುವವರೇ ಜಾಸ್ತಿ. ಸೌಟಿಗೂ ಇದಕ್ಕೂ ಸಂಬಂಧ ಇಲ್ಲ. ಕೊನೆಯ 'ಸ್' ಬಾಯಿಗೇ ಬರುವುದಿಲ್ಲ.

ಪ್ರಶ್ನೆ: ನಾವು ಟುಲೂಸ್‌ನಲ್ಲಿದ್ದೇವೆ, ವಿಮಾನ ಕಂಪನಿಯಲ್ಲಿ ಕೆಲಸ. ಹೋದ ವಾರ ಊಟಕ್ಕೆ ಬಂದ ಫ್ರೆಂಚ್ ಸಹೋದ್ಯೋಗಿಯೊಬ್ಬರು ಸೊತೆರ್ನ್ ಅರ್ಧ ಬಾಟಲಿ ಕೊಟ್ಟು 'ಫ್ವಾ ಗ್ರಾ ಜೊತೆ ಕುಡಿಯಿರಿ' ಅಂದರು. ನಾವು ಸಸ್ಯಾಹಾರಿಗಳು. ಮುಂದಿನ ತಿಂಗಳು ಅಪ್ಪ ಅಮ್ಮ ಮೈಸೂರಿನಿಂದ ಬರ್ತಿದ್ದಾರೆ. ಆಗ ಅದೇ ಸಹೋದ್ಯೋಗಿಯನ್ನು ಮತ್ತೆ ಕರೆದಿದ್ದೇವೆ. ಅಮ್ಮ ಮೈಸೂರು ಪಾಕ್ ತರ್ತಾರೆ. ಸಿಹಿ ವೈನ್ ತಾನೇ ಮೇಡಂ, ಸಿಹಿ ಜೊತೆ ಕೊಟ್ಟರೆ ಆಯ್ತಲ್ವಾ? ಇದರ ರುಚಿಯಾದರೂ ಹೇಗಿರುತ್ತೆ?

ಉತ್ತರ: ದಯವಿಟ್ಟು ಬೇಡ. ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ. ಒಂದು ದಸರಾ ಸಂಜೆ, ಮನೆಗೆ ನೆಂಟರು ಬಂದಿದ್ದರು. ತಟ್ಟೆಯಲ್ಲಿ ತುಪ್ಪ ಸುರಿಯುವ ಮೈಸೂರು ಪಾಕ್, ಪಕ್ಕದಲ್ಲಿ ಪುಟ್ಟ ಗ್ಲಾಸಿನಲ್ಲಿ ಚಿನ್ನದ ಬಣ್ಣದ ಸೊತೆರ್ನ್. ನೋಡಲು ಎಷ್ಟು ಚೆನ್ನ! ಚಿಕ್ಕಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡರು, ಒಂದು ಗುಟುಕು ಕುಡಿದರು, ಮುಖ ಹುಳ್ಳಗೆ ಮಾಡಿ 'ಇದೇನಮ್ಮಾ, ನಿಂಬೆಹಣ್ಣಿನ ನೀರು ಕೊಟ್ಟಿದ್ದೀಯಾ?' ಅಂದರು. ತಪ್ಪು ಅವರದಲ್ಲ. ಸಿಹಿ ತಿಂದ ಮೇಲೆ ಕಾಫಿ ಕುಡಿದರೆ ಕಾಫಿಗೆ ಸಕ್ಕರೆಯೇ ಹಾಕಿಲ್ಲ ಅನ್ನಿಸುತ್ತದಲ್ಲ, ಅದೇ ಕಥೆ. ನಾಲಿಗೆ ಹೆಚ್ಚಿನ ಸಿಹಿಗೆ ಒಗ್ಗಿಬಿಟ್ಟರೆ ಅದಕ್ಕಿಂತ ಕಡಿಮೆ ಸಿಹಿ ಇರುವುದೆಲ್ಲ ಸಪ್ಪೆ, ಹುಳಿ. ಸೊತೆರ್ನ್‌ನಲ್ಲಿ ಲೀಟರಿಗೆ ಸಾಮಾನ್ಯವಾಗಿ 120ರಿಂದ 150 ಗ್ರಾಂ ಸಕ್ಕರೆ ಇರುತ್ತದೆ. ಕೇಳಲು ಬಹಳ ಅನ್ನಿಸಿದರೂ ನಮ್ಮ ಮಿಠಾಯಿಗಳ ಮುಂದೆ ಅದು ಏನೂ ಅಲ್ಲ. ಜಾಮೂನಿನ ಪಾಕದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಸಕ್ಕರೆಯೇ ಇರುತ್ತದೆ. ವೈನಿಗಿಂತ ತಿಂಡಿ ಜಾಸ್ತಿ ಸಿಹಿ ಇರಬಾರದು ಅನ್ನುವ ನಿಯಮ ಇರುವುದು ಇದಕ್ಕೇ. ನಮ್ಮ ಸಿಹಿತಿಂಡಿಗಳಲ್ಲಿ ಮುಕ್ಕಾಲುಪಾಲು ಈ ಪರೀಕ್ಷೆಯಲ್ಲಿ ಫೇಲ್.

ಇನ್ನು ರುಚಿಗೆ ಬರೋಣ. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಮೊದಲು ಜೇನಿನ ವಾಸನೆ ಬರುತ್ತದೆ. ಹಿಂದೆಯೇ ಒಣಗಿದ ಆಪ್ರಿಕಾಟ್, ಕಿತ್ತಳೆ ಸಿಪ್ಪೆ, ಅನಾನಸ್. ಒಳ್ಳೆಯ ಬಾಟಲಿಯಾದರೆ ಕೇಸರಿಯ ಎಳೆಯೂ ಇರುತ್ತದೆ. ಬಾಯಿಗೆ ಬಂದರೆ ನೀರಿಗಿಂತ ದಪ್ಪ, ತೆಳ್ಳಗಿನ ಬೆಲ್ಲದ ಪಾಕ ಹರಿದ ಹಾಗೆ. 'ಅಯ್ಯೋ ಸಿಹಿ ಜಾಸ್ತಿಯಾಯ್ತು' ಅನ್ನುವಷ್ಟರಲ್ಲಿ ನಾಲಿಗೆಯ ಎರಡೂ ಅಂಚಿನಲ್ಲಿ ಹುಳಿ ಎದ್ದು ಆ ಸಿಹಿಯನ್ನು ಎಳೆದುಕೊಂಡು ಹೋಗುತ್ತದೆ. ಈ ಹುಳಿ ಇಲ್ಲದ ಸೊತೆರ್ನ್ ಬರೀ ಶರಬತ್ತು. ನುಂಗಿ ಒಂದು ನಿಮಿಷ ಕಳೆದರೂ ಬಾಯಲ್ಲಿ ಏನೋ ಉಳಿದಿರುತ್ತದೆ. ಸುಟ್ಟ ಸಕ್ಕರೆಯ ಹಾಗೆ, ಹುರಿದ ಬಾದಾಮಿಯ ಹಾಗೆ.

ಇನ್ನೂ ಒಂದು ವಾಸನೆ ಇದೆ. ಅದನ್ನು ನಮ್ಮವರು ಬೇಗ ಗುರುತು ಹಿಡಿಯುತ್ತಾರೆ, ಮೆಂತ್ಯ! ಸುಮ್ನೆ ಹೇಳುತ್ತಿಲ್ಲ. ಮೆಂತ್ಯದ ಕಾಳಿಗೆ ಅದರ ವಾಸನೆ ಕೊಡುವ ಸೊಟೊಲಾನ್ ಅನ್ನುವ ವಸ್ತುವೇ ಈ ವೈನಿನಲ್ಲೂ ಇದೆ. ಸ್ವಲ್ಪ ಇದ್ದಾಗ ಕ್ಯಾರಮೆಲ್ ಥರ, ಹೆಚ್ಚಾದಾಗ ಮೆಂತ್ಯದ ಥರ. ಹಳೆಯ ಬಾಟಲಿಗಳಲ್ಲಿ ಇದು ಜಾಸ್ತಿ. ತರಗತಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಒಂದು ಬಟ್ಟಲಲ್ಲಿ ಹುರಿದ ಮೆಂತ್ಯ ಇಟ್ಟು ಮೂಸಲು ಹೇಳುತ್ತೇನೆ, ಆಮೇಲೆ ಗ್ಲಾಸು. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಎಲ್ಲರೂ ನಗುತ್ತಾರೆ.

ಈಗ ಪೈನಾಪಲ್ ಗೊಜ್ಜು ನೆನಪು ಮಾಡಿಕೊಳ್ಳಿ. ಅನಾನಸ್, ಬೆಲ್ಲ, ಹುಣಸೆ, ಮೆಂತ್ಯ, ಉಪ್ಪು, ಖಾರ. ಇದರಲ್ಲಿ ಉಪ್ಪು ಮತ್ತು ಖಾರ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಸೊತೆರ್ನ್‌ನ ಅಡಿಪಾಯ. ಅಂದರೆ ವೈನಿನಲ್ಲಿ ಇಲ್ಲದ್ದನ್ನು ತಟ್ಟೆ ಕೊಡಬೇಕು. ಖಾರ ಬೇಡ, ಅದರ ಕಾರಣ ಆಮೇಲೆ ಹೇಳುತ್ತೇನೆ. ಉಪ್ಪು ಬೇಕು, ಜೊತೆಗೆ ಜಿಡ್ಡು. ಫ್ರೆಂಚರು ಫ್ವಾ ಗ್ರಾ ಇಡುವುದು ಇದೇ ಲೆಕ್ಕದಲ್ಲಿ. ಅದು ಒತ್ತಾಯದಿಂದ ತಿನ್ನಿಸಿ ಕೊಬ್ಬಿಸಿದ ಬಾತುಕೋಳಿ ಅಥವಾ ಹೆಬ್ಬಾತಿನ ಪಿತ್ತಜನಕಾಂಗ. ನೀವಿರುವ ನೈಋತ್ಯ ಫ್ರಾನ್ಸೇ ಅದರ ತವರು. ಪ್ರಾಣಿಹಿಂಸೆಯ ಕಾರಣಕ್ಕೆ ಭಾರತ 2014ರಲ್ಲಿ ಅದರ ಆಮದನ್ನೇ ನಿಲ್ಲಿಸಿತು. ಅದನ್ನು ಬಿಟ್ಟರೆ ನೀವೇನೂ ಕಳೆದುಕೊಳ್ಳುವುದಿಲ್ಲ. ಅದು ಮಾಡುವ ಕೆಲಸವನ್ನು ಬೆಣ್ಣೆಯೂ ಉಪ್ಪೂ ಮಾಡುತ್ತವೆ.

ಎರಡನೆಯ ಪ್ರಸಿದ್ಧ ಜೋಡಿ ರೋಕ್‌ಫೋರ್ ಚೀಸ್. ಕುರಿಹಾಲಿನದು, ಒಳಗೆ ನೀಲಿ ಬೂಷ್ಟಿನ ಗೆರೆಗಳು, ಚೆನ್ನಾಗಿ ಉಪ್ಪು. ವೈನಿನ ಸಿಹಿ ಆ ಉಪ್ಪನ್ನು ಮೆತ್ತಗೆ ಮಾಡುತ್ತದೆ, ಚೀಸಿನ ಉಪ್ಪು ವೈನಿನ ಹಣ್ಣಿನ ರುಚಿಯನ್ನು ಎಬ್ಬಿಸುತ್ತದೆ. ಆದರೆ ಇಲ್ಲೊಂದು ತೊಡಕಿದೆ. ರೋಕ್‌ಫೋರ್‌ಗೆ ಹಾಲು ಒಡೆಯಲು ಹಾಕುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ ಅಂದರೆ ಅಂಗಡಿಯಲ್ಲಿ ಕೇಳಿ, ಸಸ್ಯಮೂಲದ ಅಥವಾ ಸೂಕ್ಷ್ಮಜೀವಿಯಿಂದ ಮಾಡಿದ ರೆನೆಟ್ ಹಾಕಿದ ನೀಲಿ ಚೀಸನ್ನೇ ತನ್ನಿ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಮೀನಿನ ಅಂಟು ಬಳಸುತ್ತಾರೆ. ಅದೂ ಬೇಡ ಅನ್ನುವವರು ವೀಗನ್ ಗುರುತು ಇದೆಯಾ ನೋಡಿಕೊಳ್ಳಬೇಕು.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಗೊತ್ತಾ? ಅಮ್ಮ ತರುವ ಡಬ್ಬಿಗಳಲ್ಲಿ ಮೈಸೂರು ಪಾಕನ್ನು ಕಾಫಿ ಹೊತ್ತಿಗೆ ಎತ್ತಿಟ್ಟು, ಬೆಣ್ಣೆ ಚಕ್ಕುಲಿ ಡಬ್ಬಿ ತೆರೆಯುತ್ತಿದ್ದೆ. ಚಕ್ಕುಲಿಯಲ್ಲಿ ಉಪ್ಪಿದೆ, ಬೆಣ್ಣೆ ಇದೆ, ಕರುಂ ಕುರುಂ ಇದೆ. ಒಂದು ತುಂಡು ಚಕ್ಕುಲಿ, ಒಂದು ಗುಟುಕು ವೈನ್. ನಿಮ್ಮ ಸಹೋದ್ಯೋಗಿ ಇದನ್ನು ಎಲ್ಲೂ ಕಂಡಿರಲಿಕ್ಕಿಲ್ಲ. ತುಪ್ಪದಲ್ಲಿ ಹುರಿದ ಉಪ್ಪು ಗೋಡಂಬಿಯೂ ಆದೀತು. ಅನಾನಸ್ ಹೋಳುಗಳನ್ನು ಬೆಣ್ಣೆ ಹಾಕಿ ಕಾವಲಿ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟು, ಚಿಟಿಕೆ ಉಪ್ಪು ಉದುರಿಸಿ ಕೊಡಿ. ಸಿಹಿಯೇ ಬೇಕು ಅಂದರೆ ಅಲ್ಲಿನ ಬೇಕರಿಯಲ್ಲಿ ಸಿಗುವ ಪಿಯರ್ ಹಣ್ಣು ಮತ್ತು ಬಾದಾಮಿಯ ಟಾರ್ಟ್ ತನ್ನಿ, ಅದರಲ್ಲಿ ಸಕ್ಕರೆ ಹದವಾಗಿರುತ್ತದೆ. ಕೋಡುಬಳೆ ಮಾತ್ರ ಬೇಡ. ಈ ವೈನಿನಲ್ಲಿ ಆಲ್ಕೋಹಾಲ್ 13-14 ಪರ್ಸೆಂಟ್ ಇರುತ್ತದೆ. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ. ಸಿಹಿ ಸ್ವಲ್ಪ ತಣಿಸುತ್ತದೆ ನಿಜ, ಬ್ಯಾಡಗಿ ಮೆಣಸಿನಕಾಯಿಯ ಹದದವರೆಗೆ ಪರವಾಗಿಲ್ಲ, ಗುಂಟೂರಿನ ಮುಂದೆ ಸೋಲುತ್ತದೆ.

ಬಾಟಲಿಯನ್ನು ಎರಡು ಮೂರು ಗಂಟೆ ಮೊದಲೇ ಫ್ರಿಜ್ಜಿಗೆ ಹಾಕಿ, 10 ಡಿಗ್ರಿ ಆಸುಪಾಸಿನಲ್ಲಿ ಕೊಡಿ. ತೀರಾ ತಣ್ಣಗಾದರೆ ವಾಸನೆ ಮುಚ್ಚಿಕೊಳ್ಳುತ್ತದೆ. ಅರ್ಧ ಬಾಟಲಿ ಅಂದರೆ 375 ಮಿಲಿ, ಐದು ಜನಕ್ಕೆ ಧಾರಾಳ. ಊಟದ ಕೊನೆಗೇ ಕೊಡಬೇಕು ಅಂತೇನೂ ಇಲ್ಲ. ಬೋರ್ಡೋದಲ್ಲಿ ಊಟಕ್ಕೆ ಮೊದಲೇ ಕುಡಿಯುವವರಿದ್ದಾರೆ. ಆಗ ಹಸಿವೂ ಇರುತ್ತದೆ, ನಾಲಿಗೆಯೂ ಚುರುಕು. ಇನ್ನೊಂದು ಮಾತು. ನಿಮ್ಮ ಊರಿನ ಮಧ್ಯೆ ಹರಿಯುವ ಗಾರೋನ್ ನದಿಯೇ ಮುಂದೆ ಈ ವೈನಿನ ಊರುಗಳ ಪಕ್ಕದಲ್ಲಿ ಹೋಗುತ್ತದೆ. ಕಾರಿನಲ್ಲಿ ಸುಮಾರು ಎರಡು ಗಂಟೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ. ವೈನ್ ಕುಡಿಯದಿದ್ದರೂ ಅಕ್ಟೋಬರ್ ಬೆಳಗಿನ ಮಂಜು ನೋಡಬಹುದು. ಆ ಮಂಜಿನ ಕಥೆ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾವು ವಿಜಯಪುರ ಕಡೆ ದ್ರಾಕ್ಷಿ ಬೆಳಿಯೋರು. ಗೊನಿಗೆ ಬೂಷ್ಟು ಬಂತಂದ್ರ ಕಿತ್ತು ಒಗೀತೀವಿ. ಫ್ರಾನ್ಸಿನಾಗ ಬೂಷ್ಟು ಹಿಡಿದ ದ್ರಾಕ್ಷಿಯಿಂದಾನೇ ಸಾವಿರಾರು ರೂಪಾಯಿ ವೈನ್ ಮಾಡ್ತಾರಂತ ಮಗ ಹೇಳ್ತಾನ. ಇದೆಂಥಾ ಕಥೀ ರೀ?

ಉತ್ತರ: ಮಗ ಹೇಳಿದ್ದು ನಿಜ. ಆ ಬೂಷ್ಟಿನ ಹೆಸರು ಬೊಟ್ರೈಟಿಸ್ ಸಿನೆರಿಯಾ. ತಮಾಷೆ ಏನೆಂದರೆ ಇದೇ ಶಿಲೀಂಧ್ರ ಮಳೆಯಲ್ಲಿ ನೆನೆದ ಗೊನೆಗೆ ಬಂದರೆ ಕಾಯಿ ಕೊಳೆತು ಹುಳಿ ವಾಸನೆ ಹೊಡೆಯುತ್ತದೆ, ಅಲ್ಲಿನ ರೈತರೂ ಕಿತ್ತು ಎಸೆಯುತ್ತಾರೆ. ಬೆಳಿಗ್ಗೆ ಮಂಜು, ಮಧ್ಯಾಹ್ನ ಒಣ ಬಿಸಿಲು ಇದ್ದರೆ ಮಾತ್ರ ಅದು ಉಪಕಾರ ಮಾಡುತ್ತದೆ. ಈ ಹವೆ ಸೊತೆರ್ನ್‌ಗೆ ಹೇಗೆ ಸಿಕ್ಕಿತು ಅಂದರೆ, ಸಿರೋನ್ ಅನ್ನುವ ಚಿಕ್ಕ ಹೊಳೆ ಕಾಡಿನ ನೆರಳಲ್ಲಿ ತಣ್ಣಗೆ ಹರಿದು ಬಂದು ಅದಕ್ಕಿಂತ ಬೆಚ್ಚಗಿರುವ ಗಾರೋನ್ ನದಿ ಸೇರುತ್ತದೆ. ಶರತ್ಕಾಲದ ಬೆಳಗಿನಲ್ಲಿ ಅಲ್ಲಿ ಮಂಜು ಏಳುತ್ತದೆ. ಸೊತೆರ್ನ್, ಬಾರ್ಸಾಕ್, ಬೋಮ್, ಫಾರ್ಗ್, ಪ್ರೇನ್ಯಾಕ್ ಅನ್ನುವ ಐದೇ ಊರುಗಳು ಈ ಹೆಸರಿನ ವೈನ್ ಮಾಡಬಹುದು.

ಬೂಷ್ಟು ಏನು ಮಾಡುತ್ತದೆ? ಸಿಪ್ಪೆಗೆ ಕಣ್ಣಿಗೆ ಕಾಣದ ತೂತುಗಳನ್ನು ಕೊರೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆ ತೂತುಗಳಿಂದ ನೀರು ಆರಿಹೋಗುತ್ತದೆ. ಕಾಯಿ ಸುಕ್ಕುಗಟ್ಟಿ ಕಂದು, ನೇರಳೆ ಬಣ್ಣಕ್ಕೆ ತಿರುಗಿ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಅದನ್ನು ಕೈಯಲ್ಲಿ ಹಿಡಿದರೆ ತಿನ್ನಬೇಕು ಅನ್ನಿಸುವುದಿಲ್ಲ. ತಿಂದರೆ ಮಾತ್ರ ಜೇನಿನಲ್ಲಿ ಅದ್ದಿದ ಹಾಗೆ. ನಿಮ್ಮ ಕಡೆ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡ್ತೀರಲ್ಲ, ಅಲ್ಲೂ ಹೋಗುವುದು ನೀರೇ. ಆದರೆ ಅಲ್ಲಿ ಗಾಳಿ ಕೆಲಸ ಮಾಡುತ್ತದೆ. ಇಲ್ಲಿ ಕೆಲಸ ಮಾಡುವುದು ಒಂದು ಜೀವ. ಅದು ಕಾಯಿಯ ಹುಳಿಯಲ್ಲಿ ಒಂದಷ್ಟು ತಿಂದು, ಗ್ಲಿಸರಾಲ್ ಮತ್ತು ಹೊಸ ವಾಸನೆಗಳನ್ನು ಬಿಟ್ಟುಹೋಗುತ್ತದೆ. ಮೇಲೆ ಹೇಳಿದ ಮೆಂತ್ಯದ ವಾಸನೆ, ಆ ದಪ್ಪ ಎಲ್ಲ ಹೀಗೆ ಬಂದದ್ದು. ಸೆಮಿಯೋನ್ ಅನ್ನುವ ಬಿಳಿ ದ್ರಾಕ್ಷಿಯ ಸಿಪ್ಪೆ ತೆಳು, ಅದಕ್ಕೇ ಅದು ಇಲ್ಲಿನ ಮುಖ್ಯ ತಳಿ. ಹುಳಿಗೆ ಅಂತ ಸೋವಿನ್ಯೋ ಬ್ಲಾಂ, ಸುವಾಸನೆಗೆ ಅಂತ ಸ್ವಲ್ಪ ಮಸ್ಕಡೆಲ್.

ದುಡ್ಡಿನ ವಿಷಯ ನೀವು ಬೇಗ ಹಿಡಿಯುತ್ತೀರಿ. ಬೂಷ್ಟು ಎಲ್ಲ ಕಾಯಿಗೂ ಒಂದೇ ದಿನ ಬರುವುದಿಲ್ಲ. ಹಾಗಾಗಿ ಆಳುಗಳು ಒಂದೇ ತೋಟಕ್ಕೆ ನಾಲ್ಕೈದು ಸಲ, ಕೆಲವು ವರ್ಷ ಇನ್ನೂ ಜಾಸ್ತಿ ಸಲ ಹೋಗಿ, ಹದ ಬಂದಷ್ಟನ್ನೇ ಕೈಯಲ್ಲಿ ಆರಿಸುತ್ತಾರೆ. ನಡುವೆ ಒಂದು ದೊಡ್ಡ ಮಳೆ ಬಂದರೆ ಎಲ್ಲ ಮುಗಿಯಿತು. ಕಾನೂನಿನ ಪ್ರಕಾರ ಹೆಕ್ಟೇರಿಗೆ ಹೆಚ್ಚೆಂದರೆ 2,500 ಲೀಟರ್ ವೈನ್ ತೆಗೆಯಬಹುದು. ನಮ್ಮ ಲೆಕ್ಕದಲ್ಲಿ ಎಕರೆಗೆ ಸಾವಿರ ಲೀಟರ್. ಎಲ್ಲಕ್ಕಿಂತ ಹೆಸರಾದ ಶಾತೋ ಇಕೆಮ್ ತೋಟದಲ್ಲಿ ಸರಾಸರಿ ಹೆಕ್ಟೇರಿಗೆ 900 ಲೀಟರ್ ಆಸುಪಾಸು. ಒಂದು ಬಳ್ಳಿಗೆ ಒಂದು ಗ್ಲಾಸ್ ಅಂತ ಅಲ್ಲಿ ಹೇಳುತ್ತಾರೆ. 1855ರಲ್ಲಿ ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟಾಗ ಇಡೀ ಸೊತೆರ್ನ್‌ನಲ್ಲಿ ಅತಿ ಮೇಲಿನ ದರ್ಜೆ ಸಿಕ್ಕಿದ್ದು ಇದೊಂದಕ್ಕೇ. ಆದರೂ ಬೆಳೆ ಸರಿಬರಲಿಲ್ಲ ಅಂತ 1992ರಲ್ಲೂ 2012ರಲ್ಲೂ ಅವರು ಆ ಹೆಸರಿನಲ್ಲಿ ವೈನನ್ನೇ ಬಿಡಲಿಲ್ಲ. ಇಡೀ ವರ್ಷದ ದುಡಿಮೆ ಕೈಬಿಡೋದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ತೋಟದಲ್ಲಿ ಇದು ಆಗುತ್ತಾ? ಇಲ್ಲ. ನಮ್ಮಲ್ಲಿ ಕೊಯ್ಲು ಬೇಸಿಗೆಯ ಹೊಸ್ತಿಲಲ್ಲಿ, ಆಗ ಹವೆ ಒಣ, ಬೆಳಗಿನ ಮಂಜು ಇಲ್ಲ. ನಿಮಗೆ ಕಾಟ ಕೊಡುವ ಬೂಜುತುಪ್ಪಟ, ಬೂದಿ ರೋಗದ ಶಿಲೀಂಧ್ರಗಳೇ ಬೇರೆ. ಅವುಗಳಿಂದ ಯಾವ ಉಪಕಾರವೂ ಇಲ್ಲ, ಕಿತ್ತು ಒಗೆಯುವುದೇ ಸರಿ. ನಾಸಿಕದ ಕಡೆ ಶೆನಿನ್ ಬ್ಲಾಂ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು, ತಡವಾಗಿ ಕೊಯ್ದು ಸಿಹಿ ವೈನ್ ಮಾಡುತ್ತಾರೆ. ಅದು ಬೂಷ್ಟಿನ ದಾರಿಯಲ್ಲ, ಬಿಸಿಲಿನ ದಾರಿ.

ಪ್ರಶ್ನೆ: ಮಗ ಫ್ರಾನ್ಸಿಗೆ ಹೋದಾಗ 2009ರ ಸೊತೆರ್ನ್ ತಂದಿದ್ದ. ಹತ್ತು ವರ್ಷದಿಂದ ಬೀರುವಿನಲ್ಲಿ ಸೀರೆಗಳ ಪಕ್ಕ ನಿಂತಿದೆ. ಮೊದಲು ಹೊಂಬಣ್ಣ ಇತ್ತು, ಈಗ ಚಹಾ ಬಣ್ಣ. ತಳದಲ್ಲಿ ಹರಳು ಬೇರೆ. ಹಾಳಾಗಿದೆಯಾ? (ಶಿವಮೊಗ್ಗ)

ಉತ್ತರ: ಬಣ್ಣ ನೋಡಿ ಹೆದರಬೇಡಿ ಅಮ್ಮಾ. ಈ ವೈನಿನ ಸ್ವಭಾವವೇ ಹಾಗೆ. ಎಳೆಯದರಲ್ಲಿ ಒಣಹುಲ್ಲಿನ ಬಣ್ಣ, ಆಮೇಲೆ ಚಿನ್ನ, ಆಮೇಲೆ ತೆಳು ಡಿಕಾಕ್ಷನ್. ಹರಳು ದ್ರಾಕ್ಷಿಯದ್ದೇ ಹುಳಿ ಉಪ್ಪು, ಗಾಜಿನ ಚೂರಲ್ಲ. ಸಿಹಿ ಮತ್ತು ಹುಳಿ ಎರಡೂ ಜಾಸ್ತಿ ಇರುವುದರಿಂದ ಒಳ್ಳೆಯ ಸೊತೆರ್ನ್ ದಶಕಗಟ್ಟಲೆ ಬಾಳುತ್ತದೆ. 1811ರ ಇಕೆಮ್ ಬಾಟಲಿಯೊಂದು 2011ರಲ್ಲಿ 75,000 ಪೌಂಡಿಗೆ ಮಾರಾಟವಾಗಿತ್ತು. ಅದಕ್ಕೆ ಆಗ 200 ವರ್ಷ! ನಿಮ್ಮದು 2009, ಅದು ಅಲ್ಲಿ ಬಹಳ ಒಳ್ಳೆಯ ವರ್ಷ ಕೂಡ.

ನನಗೆ ಚಿಂತೆ ಇರುವುದು ಬೀರುವಿನದು. ಬಾಟಲಿಯನ್ನು ಮಲಗಿಸಿಡಬೇಕು, ಇಲ್ಲದಿದ್ದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ. ಹತ್ತು ಬೇಸಿಗೆಯ ಸೆಖೆ ಬೇರೆ ತಿಂದಿದೆ. ಬಾಟಲಿ ಕತ್ತಿನಲ್ಲಿ ವೈನ್ ತುಂಬ ಕೆಳಗೆ ಇಳಿದಿದೆಯಾ, ಬಿರಡೆ ಮೇಲೆದ್ದು ಅಂಟಂಟಾಗಿದೆಯಾ ನೋಡಿ. ತೆರೆಯುವಾಗ ಬಿರಡೆ ಪುಡಿಯಾದರೆ ಚಹಾ ಸೋಸುವ ಜರಡಿಯಲ್ಲಿ ಸೋಸಿ. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಬಂದರೆ ಸಿಂಕಿಗೆ ಸುರಿದುಬಿಡಿ. ಜೇನು, ಕಿತ್ತಳೆ ಮಾರ್ಮಲೇಡ್, ಮೆಂತ್ಯ ಬಂದರೆ ಮಗನಿಗೆ ಫೋನ್ ಮಾಡಿ ಕರೆಸಿ. ಇನ್ನೂ ಹತ್ತು ವರ್ಷ ಇಡೋಣ ಅನ್ನುವ ಯೋಚನೆ ಮಾತ್ರ ಬೇಡ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಹಣ್ಣಿನ ಸಕ್ಕರೆ ತಾನೇ, ಒಂದು ಗ್ಲಾಸ್ ಕುಡಿಯಬಹುದಾ? (ಬೆಂಗಳೂರು)

ಉತ್ತರ: 75 ಮಿಲಿ ಗ್ಲಾಸಿನಲ್ಲಿ ಹತ್ತು ಗ್ರಾಂ ಹತ್ತಿರ ಸಕ್ಕರೆ, ಅಂದರೆ ಸುಮಾರು ಎರಡೂವರೆ ಚಹಾ ಚಮಚ. ಹಣ್ಣಿನದು ಅನ್ನುವುದು ಸಮಾಧಾನದ ಮಾತು ಅಷ್ಟೇ, ರಕ್ತಕ್ಕೆ ಅದೆಲ್ಲ ಗೊತ್ತಾಗಲ್ಲ. ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಇರುವವರಿಗೆ ಆಲ್ಕೋಹಾಲಿನದ್ದು ಇನ್ನೊಂದು ತಾಪತ್ರಯ. ಇದನ್ನು ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಒಂದು ಹೋಟೆಲಿನಲ್ಲಿ ಚಾಕೊಲೇಟ್ ಕೇಕ್ ಜೊತೆ ಸೊತೆರ್ನ್ ಕೊಟ್ಟರು, ಎರಡೂ ರುಚಿ ಕೆಟ್ಟವು. ನನ್ನ ನಾಲಿಗೆಯದೇ ದೋಷವಾ? ಹಾಗೇ, ನಮ್ಮ ಮಂಗಳೂರಿನ ಮೀನಿಗೆ ಈ ವೈನ್ ಹೊಂದುತ್ತಾ?

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಚಾಕೊಲೇಟಿನ ಕಹಿ ಮತ್ತು ಒಗರು ಈ ವೈನಿನ ನವಿರು ವಾಸನೆಗಳನ್ನೆಲ್ಲ ಮುಚ್ಚಿಹಾಕುತ್ತದೆ. ಚಾಕೊಲೇಟಿಗೆ ಫ್ರಾನ್ಸಿನಲ್ಲೇ ಬೇರೆ ವೈನ್ ಇದೆ, ಬನ್ಯುಲ್ಸ್. ಸ್ಪೇನ್ ಗಡಿಯ ಹತ್ತಿರ, ಸಮುದ್ರ ದಂಡೆಯ ಗುಡ್ಡಗಳಲ್ಲಿ ಬೆಳೆದ ಗ್ರೆನಾಶ್ ಕಪ್ಪು ದ್ರಾಕ್ಷಿಯದು. ಅದು ಹುದುಗುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರ ಬೆರೆಸಿ ಹುದುಗುವುದನ್ನು ನಿಲ್ಲಿಸುತ್ತಾರೆ, ಸಿಹಿ ಅಲ್ಲೇ ಉಳಿಯುತ್ತದೆ. ಚಾಕೊಲೇಟಿನ ಒಗರಿಗೆ ಅದರ ಒಗರು ಸರಿಸಮ.

ಮೀನಿಗೆ ಬಂದರೆ ಗಸಿ, ಪುಳಿಮುಂಚಿ ಎರಡನ್ನೂ ದೂರವಿಡಿ. ಅವುಗಳಲ್ಲಿ ಖಾರವೂ ಇದೆ, ಹುಣಸೆ ಹುಳಿಯೂ ಇದೆ, ಅವುಗಳ ಮುಂದೆ ಈ ವೈನ್ ಸೋಲುತ್ತದೆ. ಬೋರ್ಡೋದಲ್ಲಿ ಇದರ ಜೊತೆ ಬೆಣ್ಣೆಯಲ್ಲಿ ಬೇಯಿಸಿದ ಲಾಬ್‌ಸ್ಟರ್ ತಿನ್ನುತ್ತಾರೆ. ಏಡಿ, ಸಿಗಡಿಯ ಮಾಂಸದಲ್ಲಿ ತನ್ನದೇ ಸಣ್ಣ ಸಿಹಿ ಇರುತ್ತದೆ, ಅದು ವೈನಿನ ಕೈ ಹಿಡಿಯುತ್ತದೆ. ಹಾಗಾಗಿ ನಿಮ್ಮೂರಿನ ಬಟರ್ ಗಾರ್ಲಿಕ್ ಏಡಿ ಆರ್ಡರ್ ಮಾಡಿ, ಕಾಳುಮೆಣಸು ಕಡಿಮೆ ಇರಲಿ ಅಂತ ಮೊದಲೇ ಹೇಳಿ. ಬಾಟಲಿ ಆರಿಸುವ ಅವಕಾಶ ಇದ್ದರೆ ಲೇಬಲ್ ಮೇಲೆ ಬಾರ್ಸಾಕ್ ಅಂತ ಇರುವುದನ್ನು ತೆಗೆದುಕೊಳ್ಳಿ. ಅದೂ ಸೊತೆರ್ನ್ ಗುಂಪಿನದೇ, ಸಾಮಾನ್ಯವಾಗಿ ಸ್ವಲ್ಪ ಹಗುರ, ಹುಳಿ ಚುರುಕು. ಏಡಿ ಮೇಲೆ ಅಭ್ಯಾಸಬಲದಿಂದ ನಿಂಬೆಹಣ್ಣು ಹಿಂಡಬೇಡಿ, ಆ ಕೆಲಸಕ್ಕೆ ಗ್ಲಾಸಿನಲ್ಲೇ ಹುಳಿ ಇದೆ. ಬಾಟಲಿ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ವಾರ ಏನೂ ಆಗುವುದಿಲ್ಲ, ಮುಂದಿನ ಭಾನುವಾರದ ಸಿಗಡಿಗೂ ಆಗುತ್ತದೆ.